ಬೆಳ್ಳಿಚುಕ್ಕಿ ಡಿಪಾರ್ಟ್‌ಮೆಂಟಲ್ ಸ್ಟೋರಿನಲ್ಲಿ ನನ್ನ ಸೇವೆ

ನೀವು ನಂಬುವುದಿಲ್ಲ. ನಂಬದಿದ್ದರೆ ಆಳಂದಕ್ಕೆ ಬಂದು ಯಾರನ್ನಾದರೂ ಕೇಳಿ, ಅವರೂ ನಂಬುವುದಿಲ್ಲ. ಆದರೂ ಹೇಳುತ್ತೇನೆ. ನನಗೀಗ ಹದಿನೇಳು ವರ್ಷ, ಮತ್ತು ನಾನು ನಿವೃತ್ತ.

ನಮ್ಮೂರ ಕಟ್ಟೆಯ ಮೇಲೆ ನಿವೃತ್ತ ಮಾಸ್ತರರೆಲ್ಲ ಸಂಜೆ ಸೇರಿ "ನಮ್ಮ ಸರ್ವಿಸಿನ್ಯಾಗ ಏನಾಗಿತ್ತಪಾ ಅಂದ್ರ..." ಎಂದು ಶುರು ಮಾಡುತ್ತಾರೆ. ನಾನೂ ಪಕ್ಕದಲ್ಲಿ ಕುಳಿತು, ಸೊಂಟ ಹಿಡಿದುಕೊಂಡು, "ನಮ್ಮ ಸರ್ವಿಸಿನ್ಯಾಗೂ..." ಎನ್ನುತ್ತೇನೆ. ತಕ್ಷಣ ನನ್ನನ್ನು ಎಬ್ಬಿಸಿ ಚಹಾ ತರಲು ಕಳಿಸುತ್ತಾರೆ. ನಿವೃತ್ತರಲ್ಲೂ ಜಾತಿಭೇದ ಇದೆ ಎಂದು ನನಗೆ ಗೊತ್ತಾದದ್ದು ಹಾಗೆ. ಅದಕ್ಕೇ ಬರೆಯುತ್ತಿದ್ದೇನೆ. ಮುಂದೆ ಅಂಗಡಿ ಕೆಲಸಕ್ಕೆ ಸೇರಲಿರುವ ತಮ್ಮಂದಿರು, ತಂಗಿಯರು ಓದಿಕೊಳ್ಳಲಿ. ಈ ಕಸುಬಿನಲ್ಲಿ ಪುಸ್ತಕದಲ್ಲಿ ಸಿಗುವುದು ಏನೂ ಇಲ್ಲ. ಪುಸ್ತಕ ಬಿಟ್ಟೇ ನಾನು ಇದಕ್ಕೆ ಬಂದದ್ದು.

ಮೊದಲು ಅಪ್ಪನ ವಿಷಯ ಹೇಳಿಬಿಡಬೇಕು. ನಮ್ಮ ಮನೆ ಮಾದನಹಿಪ್ಪರಗಾದಲ್ಲಿ. ಅಪ್ಪ ಕ್ರೂಸರ್ ಗಾಡಿ ಓಡಿಸುತ್ತಾನೆ. ಕ್ರೂಸರಿನಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂದು ಕಂಪನಿಯವರನ್ನು ಕೇಳಿದರೆ ಒಂದು ಲೆಕ್ಕ ಹೇಳುತ್ತಾರೆ. ಅಪ್ಪನನ್ನು ಕೇಳಿದರೆ "ಇನ್ನೊಬ್ರು" ಎನ್ನುತ್ತಾನೆ. ಯಾವಾಗ ಕೇಳಿದರೂ ಇನ್ನೊಬ್ಬರು. ಹಾಗೆ ಹತ್ತಿದವರಿಗೆಲ್ಲ ಆಳಂದ ಮುಟ್ಟುವ ತನಕ ಅವನು ಹೇಳುವುದು ಒಂದೇ ಸುದ್ದಿ: "ನಮ್ಮ ಬಸ್ಯಾ ಸೈನ್ಸ್ ತಗೊಂಡಾನ್ರಿ. ಕಾಲೇಜ್ ಮುಗದ ಮ್ಯಾಲೂ ಮನಿಗಿ ಬರಂಗಿಲ್ಲ, ಟ್ಯೂಷನ್‌ಗೆ ಹೊಕ್ಕಾನ." ಗಾಡಿಯ ಬಾಗಿಲಿಗೆ ಜೋತುಬಿದ್ದವರಿಗೂ ಕೇಳುವಂತೆ ಕೂಗಿ ಹೇಳುತ್ತಾನೆ. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸು ತಾಲ್ಲೂಕಿಗೆಲ್ಲ ಬಾಯಿಪಾಠ.

ಆ ಟ್ಯೂಷನ್ನಿನ ಹೆಸರು ಬೆಳ್ಳಿಚುಕ್ಕಿ ಡಿಪಾರ್ಟ್‌ಮೆಂಟಲ್ ಸ್ಟೋರ್.

ಅಪ್ಪ ಬೈಯುವ ಮನುಷ್ಯ ಅಲ್ಲ. ಒಂದೇ ಸಲ ಹೇಳಿದ್ದ: "ಓದೂದು ಬಿಟ್ಟು ಎಲ್ಲರೆ ದುಡಿಯಾಕ ನಿಂತಿ ಅಂತ ನನ್ನ ಕಿವಿಗಿ ಬಿತ್ತಂದ್ರ, ಅವತ್ತೇ ನಿನಗ ಆಳಂದ ಬಂದ್." ಆದ್ದರಿಂದ ನನ್ನ ಇಡೀ ಸೇವಾವಧಿ ಒಂದೇ ಷರತ್ತಿನ ಮೇಲೆ ನಿಂತಿತ್ತು. ಅಪ್ಪನಿಗೆ ಗೊತ್ತಾಗಬಾರದು.

ಈ ಕಸುಬಿನ ಹುಚ್ಚು ನನಗೆ ಹತ್ತಿದ್ದು ಚಡ್ಡಿ ಜಾರುವ ವಯಸ್ಸಿನಲ್ಲಿ. ಜೇವರ್ಗಿಯಲ್ಲಿ ಅವ್ವನ ತವರುಮನೆ, ಅಫಜಲಪುರದಲ್ಲಿ ದೊಡ್ಡವ್ವನ ಮನೆ. ಎರಡೂ ಊರಲ್ಲಿ ಒಂದೊಂದು ಡಿಪಾರ್ಟ್‌ಮೆಂಟಲ್ ಸ್ಟೋರ್ ಇತ್ತು. ಜೇವರ್ಗಿಯದರಲ್ಲಿ ಎಸಿ. ನಮ್ಮ ಕಡೆ ಬೇಸಿಗೆ ಎಂದರೆ ಕಾಗೆ ಕೂಡ ಹಾರುವುದಿಲ್ಲ, ನೆರಳು ಹುಡುಕಿ ನಡೆದುಕೊಂಡು ಹೋಗುತ್ತದೆ. ಊರ ಹಿರಿಯರೆಲ್ಲ ಅಂಗಡಿ ತೆರೆಯುವುದನ್ನೇ ಕಾದು, ಒಳಗೆ ನುಗ್ಗಿ, ಹಲ್ಲುಜ್ಜುವ ಬ್ರಷ್ ಆರಿಸುತ್ತಾ ನಿಲ್ಲುತ್ತಿದ್ದರು. ಅವರಲ್ಲಿ ಅರ್ಧ ಜನರಿಗೆ ಹಲ್ಲೇ ಇರಲಿಲ್ಲ. ನನ್ನ ಅಜ್ಜ ಒಂದಿಡೀ ಬೇಸಿಗೆ ಒಂದೇ ಬ್ರಷ್ ಆರಿಸಿದ. ಮೊದಲ ಮಳೆ ಬಿದ್ದ ದಿನ "ಯಾಕೋ ಗಟ್ಟಿ ಅನಸವಲ್ದು" ಎಂದು ಅದನ್ನು ಅಲ್ಲೇ ಇಟ್ಟು ಮನೆಗೆ ಬಂದ.

ಅಫಜಲಪುರದ್ದು ಎರಡಂತಸ್ತು. ಮೆಟ್ಟಿಲ ತಿರುವಿನಲ್ಲಿ ಗೋಡೆಯಷ್ಟು ಎತ್ತರದ ಕನ್ನಡಿ. ಮೊದಲ ಸಲ ಹೋದಾಗ ಅವ್ವ ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿದಳು. ಎದುರಿಗೆ ಒಬ್ಬ ಹೆಣ್ಣುಮಗಳು ಹುಡುಗನ ಕೈ ಹಿಡಿದು ಬಂದಳು. ಅವ್ವ ಮರ್ಯಾದೆಯಿಂದ "ಒಂದೀಟು ಸರೀರಿ ಅಕ್ಕಾರ, ಹುಡುಗ ಅದಾನ ಕೂಡ" ಎಂದಳು. ಆಕೆ ಸರಿಯಲಿಲ್ಲ. ಅವ್ವ ಎಡಕ್ಕೆ ಸರಿದರೆ ಅತ್ತಲೇ ಬಂದಳು, ಬಲಕ್ಕೆ ಸರಿದರೆ ಇತ್ತಲೇ ಬಂದಳು. ಕೊನೆಗೆ ಅವ್ವ ಸಿಟ್ಟಿನಿಂದ ಕೆಳಗಿಳಿದು ಏನೂ ಕೊಳ್ಳದೆ ಬಂದುಬಿಟ್ಟಳು. ದೊಡ್ಡವ್ವನ ಮನೆಯಲ್ಲಿ ಹೇಳಿದಳು: "ಭಾಳ ಸೊಕ್ಕಿನಾಕಿ ಬೇ ಅಕಿ. ಆದ್ರ ಸೀರಿ ಮಾತ್ರ ಛಲೋ ಉಟ್ಟಿದ್ಲು."

ಆ ಎರಡೂ ಅಂಗಡಿ ಈಗ ಇಲ್ಲ. ಜೇವರ್ಗಿಯದು ಮೊಬೈಲ್ ರಿಪೇರಿ ಅಂಗಡಿಯಾಗಿ ನಾಲ್ಕು ಹೋಳಾಯಿತು. ಅಫಜಲಪುರದ ಕನ್ನಡಿಯನ್ನು ಕಟಿಂಗ್ ಅಂಗಡಿಯವರು ಒಯ್ದರು. ಅಲ್ಲಿ ಕೂದಲು ಕತ್ತರಿಸಿಕೊಳ್ಳುವಾಗೆಲ್ಲ ನಾನು ಆ ಸೊಕ್ಕಿನ ಹೆಣ್ಣುಮಗಳಿಗಾಗಿ ಸ್ವಲ್ಪ ಹುಡುಕುತ್ತೇನೆ. ಹೀಗೆ ಒಂದೊಂದೇ ಮುಚ್ಚಿ, ಉಳಿದದ್ದು ಆಳಂದದ ಬೆಳ್ಳಿಚುಕ್ಕಿ ಒಂದೇ. ಅದೂ ಮುಚ್ಚುವ ಮೊದಲು ನಾನು ಒಳಗೆ ಸೇರಿಕೊಳ್ಳಬೇಕು ಎಂದು ಸೇರಿಕೊಂಡೆ.

ಮೇಲಧಿಕಾರಿಗಳ ಪರಿಚಯ. ಮಾಲೀಕರು ಮಲ್ಲಣ್ಣ ಸಾವಕಾರರು. ಒಮ್ಮೆ ಹೈದರಾಬಾದಿಗೆ ಹೋಗಿ ಮಾಲ್ ನೋಡಿ ಬಂದವರು. ಅದಾದ ಮೇಲೆ ಅವರು ಪೂರ್ತಿಯಾಗಿ ಆಳಂದಕ್ಕೆ ವಾಪಸ್ ಬರಲೇ ಇಲ್ಲ. ಫ್ಯಾನ್ ಹಾಕಿದರೂ "ಹೈದರಾಬಾದಿನ್ಯಾಗ ಹಿಂಗ ಹಾಕಂಗಿಲ್ಲ" ಎನ್ನುತ್ತಿದ್ದರು. ಕಿರಾಣಿ, ಪಾತ್ರೆ, ಪ್ಲಾಸ್ಟಿಕ್, ಗಾದಿ, ಬಟ್ಟೆ ಎಂದು ಒಂದೊಂದಕ್ಕೂ ಬೋರ್ಡು ಬರೆಸಿ ನೇತುಹಾಕಿದ್ದರು.

ನನಗೆ ಮೊದಲು ಕೊಟ್ಟದ್ದು ಬೋರ್ಡು ಇಲ್ಲದ ವಿಭಾಗ: ಚಪ್ಪಲಿ. ಮಾರುವ ಚಪ್ಪಲಿಯಲ್ಲ, ಬಿಡುವ ಚಪ್ಪಲಿ. ಅಂಗಡಿಯ ನೆಲ ಅಷ್ಟು ಫಳಫಳ ಹೊಳೆಯುತ್ತಿತ್ತು ಎಂದರೆ, ಹಳ್ಳಿಯಿಂದ ಬಂದವರು ಗಾಜಿನ ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ನಮಸ್ಕರಿಸಿ ಒಳಗೆ ಬರುತ್ತಿದ್ದರು. "ಹಾಕ್ಕೊಂಡೇ ಬರ್ರಿ" ಎಂದರೆ "ಹ್ಯಾಂಗ ಬರ್ಬೇಕ್ರಿ, ಎದಿ ಆಗಂಗಿಲ್ಲ" ಎನ್ನುತ್ತಿದ್ದರು. ಹೊರಗೆ ಒಂದು ಗುಡ್ಡ ಬೆಳೆಯುತ್ತಿತ್ತು.

ನಾನು ಹೊಸಬ, ಸುಧಾರಣೆ ಮಾಡುವ ಹುರುಪು. ಒಂದು ಸಂತೆಯ ದಿನ ಆ ಗುಡ್ಡವನ್ನೆಲ್ಲ ಬಿಡಿಸಿ, ಜೋಡಿ ಜೋಡಿ ಮಾಡಿ, ಕರಿಯವು ಒಂದು ಸಾಲು, ಕಂದು ಒಂದು ಸಾಲು, ದೊಡ್ಡವು ಹಿಂದೆ, ಸಣ್ಣವು ಮುಂದೆ ಎಂದು ಕವಾಯತಿಗೆ ನಿಲ್ಲಿಸಿದಂತೆ ನಿಲ್ಲಿಸಿದೆ. ಗುಡ್ಡದಲ್ಲಿದ್ದಾಗ ಪ್ರತಿಯೊಬ್ಬರಿಗೂ ತಮ್ಮದು ಎಲ್ಲಿ ಬಿಟ್ಟಿದ್ದೆವು ಎಂದು ಗೊತ್ತಿರುತ್ತಿತ್ತು. ಸಾಲಿಗಿಟ್ಟ ಮೇಲೆ ಯಾರಿಗೂ ಯಾವುದೂ ಗೊತ್ತಾಗಲಿಲ್ಲ. ಕರಿಯ ಸಾಲಿನ ಮುಂದೆ ಜನ ಸತ್ತವರ ಗುರುತು ಹಿಡಿಯಲು ನಿಂತವರಂತೆ ನಿಂತರು. ಸಾವಕಾರರು ಬಂದು ನೋಡಿದರು.

"ಯಾರಲೇ ಇದನ್ನ ಮಾಡ್ದಾಂವ?"

"ನಾನ್ರಿ ಸಾವಕಾರ್ರ. ಹೈದರಾಬಾದಿನ್ಯಾಗ..."

"ಹೈದರಾಬಾದ್ ತಗೀಬ್ಯಾಡಲೇ ನನ್ನ ಮುಂದ!"

ನನ್ನನ್ನು ಒಳಗಿನ ಕೆಲಸಕ್ಕೆ ಹಾಕಿದರು. ಜನ ಇದನ್ನು ಬಡ್ತಿ ಎನ್ನುತ್ತಾರೆ. ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ.

ಒಳಗೆ ಕೊಸರಿನ ಗದ್ದಲ. ನಮ್ಮ ಕಡೆಯ ಹೆಣ್ಣುಮಕ್ಕಳು ತೊಗರಿಬೇಳೆ ಕೊಂಡರೂ ಮೇಲೊಂದು ಹಿಡಿ ಕೊಸರು ಹಾಕಿಸಿಕೊಳ್ಳದೆ ಚೀಲ ಮುಚ್ಚುವುದಿಲ್ಲ. ಇಲ್ಲಿ ಎಲ್ಲವೂ ಪ್ಯಾಕೆಟ್ಟು. ಆದರೂ ಬುಟ್ಟಿ ತುಂಬ ಸಾಮಾನು ತಂದು ಕೌಂಟರಿನ ಮುಂದೆ ಸೆರಗು ಒಡ್ಡಿ ನಿಲ್ಲುತ್ತಿದ್ದರು. "ಸಾಬೂನಿಗಿ ಕೊಸರ ಹ್ಯಾಂಗ ಕೊಡ್ಲೆವ್ವಾ, ಕಡದು ಕೊಡ್ಲೇನು?" ಎಂದು ಸಾವಕಾರರು ಕೇಳಿದರೆ, "ಕಡೀರಿ, ನಾವೇನು ಒಲ್ಲೆ ಅಂದೇವೇನು?" ಎಂಬ ಉತ್ತರ. ಕೊನೆಗೆ ಒಂದು ಡಬ್ಬಿಯಲ್ಲಿ ಶಾಂಪೂ ಪಾಕೀಟು, ಪಿನ್ನು, ರಬ್ಬರ್ ಬ್ಯಾಂಡು ತುಂಬಿ ನನ್ನನ್ನು ಕೊಸರಿಗೆ ನಿಲ್ಲಿಸಿದರು. ಗಿರಾಕಿಯ ಮುಖ ನೋಡದೆ ಕೈಗೆ ಬಂದದ್ದು ಕೊಡುತ್ತಿದ್ದೆ. ಒಬ್ಬ ಬೋಳುತಲೆಯ ಗೌಡರಿಗೆ ಶಾಂಪೂ ಕೊಟ್ಟೆ. ಅವರು ಅದನ್ನೂ ನನ್ನನ್ನೂ ಬಹಳ ಹೊತ್ತು ನೋಡಿದರು. ತಮ್ಮಂದಿರೇ, ಕೊಡುವ ಮುಂಚೆ ತಲೆ ಎತ್ತಿ ನೋಡಿ.

ಅಲ್ಲಿಂದ ನಾನು ಹೋದದ್ದು ಸೀರೆ ವಿಭಾಗಕ್ಕೆ, ಮಹಬೂಬ ಚಾಚಾನ ಕೈ ಕೆಳಗೆ. ಚಾಚಾನ ಗಡ್ಡ ಹೊಟ್ಟೆಯ ತನಕ, ಹೊಟ್ಟೆ ಮಂಡಿಯ ತನಕ. ಆದರೆ ಅವನು ಒಂದು ಸೀರೆ ಕೊಡವಿ ತನ್ನ ಮೈಮೇಲೇ ನಿರಿಗೆ ಹಿಡಿದು, ಸೆರಗು ತಲೆಯ ಮೇಲೆ ಹೊದ್ದು ತಿರುಗಿದನೆಂದರೆ, ಎದುರಿದ್ದ ತಾಯಂದಿರಿಗೆ ಗಡ್ಡ ಕಾಣುತ್ತಿರಲಿಲ್ಲ. ಅವರ ಮಗಳೇ ಕಾಣುತ್ತಿದ್ದಳು. ಒಬ್ಬಾಕೆ ಚಾಚಾನ ಗಲ್ಲ ಹಿಡಿದು ಅತ್ತೇಬಿಟ್ಟಿದ್ದಳು.

ಚಾಚಾನ ಮಂಡಿ ಕೈಕೊಟ್ಟ ಮೇಲೆ ವಿದ್ಯೆ ನನಗೆ ಬಂತು. ಅವನು ಕುರ್ಚಿಯಲ್ಲಿ ಕುಳಿತು ಹೇಳುತ್ತಿದ್ದ: "ಬೇಟಾ, ನಾವು ಸೀರಿ ಉಡಬಾರ್ದು, ತೋರಸ್ಬೇಕು. ನೋಡಾಕಿಗಿ ನೀ ಕಾಣಬಾರ್ದು. ನಗಬ್ಯಾಡ. ನಕ್ಕಿ ಅಂದ್ರ ಸೀರಿ ಉಳೀತದ, ನೀ ಮಾರಾಟ ಆಗ್ತಿ." ಮೊದಲ ದಿನವೇ ನಿರಿಗೆ ತುಳಿದು ಬಿದ್ದೆ. ಬೀಳುವಾಗ ಒಬ್ಬನೇ ಬೀಳಲಿಲ್ಲ, ಪಕ್ಕದ ಸ್ಟೀಲ್ ಡಬ್ಬಿಗಳ ಕಪಾಟನ್ನೂ ಕರೆದುಕೊಂಡೇ ಬಿದ್ದೆ. ಆ ಸಪ್ಪಳಕ್ಕೆ ಬಸ್ ಸ್ಟ್ಯಾಂಡಿನಿಂದ ಜನ ಓಡಿ ಬಂದರು. ಬಂದವರಿಗೆಲ್ಲ ಸಾವಕಾರರು "ಡಬ್ಬಿ ಸೇಲ್ ಹಚ್ಚೇವ್ರಿ" ಎಂದುಬಿಟ್ಟರು. ನೆಗ್ಗಿದ ಡಬ್ಬಿ ಒಂದೂ ಉಳಿಯಲಿಲ್ಲ. ದಿನಾ ಒಮ್ಮೆ ಬೀಳಲೇನ್ರಿ ಎಂದು ನಾನು ಕೇಳಿದ್ದಕ್ಕೆ ಸಾವಕಾರರು ಬಟ್ಟೆ ಅಳೆಯುವ ಗಜ ಎತ್ತಿದರು.

ಇಷ್ಟರಲ್ಲಿ ಕೆಲಸದ ರೀತಿಯೇ ಬದಲಾಗತೊಡಗಿತ್ತು. ಗಿರಾಕಿಗಳು ಬಂದು, ಹತ್ತು ಸೀರೆ ಬಿಚ್ಚಿಸಿ, ಎಲ್ಲಕ್ಕೂ ಫೋಟೋ ಹೊಡೆದುಕೊಂಡು "ಆತ್ರೀ, ಬರ್ತೇವಿ" ಎಂದು ಹೋಗುತ್ತಿದ್ದರು. ಅದೇ ಸೀರೆ ಫೋನಿನಲ್ಲಿ ಹುಡುಕಿ ಮನೆಗೆ ತರಿಸುತ್ತಿದ್ದರು. ಒಬ್ಬಾಕೆ ಸೋಲಾಪುರದ ತಂಗಿಗೆ ವಿಡಿಯೋ ಕಾಲ್ ಹಚ್ಚಿ ನನ್ನ ಮುಂದೆ ಹಿಡಿದಳು. ನಾನು ಉಸಿರು ಬಿಗಿಹಿಡಿದು ಸೆರಗು ಹೊದ್ದು ತಿರುಗಿದೆ. ಫೋನಿನೊಳಗಿಂದ ದನಿ ಬಂತು: "ಆ ಹುಡುಗಿನ್ನ ಸರಸು ಬೇ, ಮೀಸಿ ಬಂದಾವ ಅಕಿಗಿ. ಮೊದಲ ದವಾಖಾನಿಗಿ ತೋರಸಂತ ಹೇಳು."

ಸಾವಕಾರರು ಹೈದರಾಬಾದಿನ ಮಾತು ಆಡುವುದನ್ನೇ ಬಿಟ್ಟರು. ಅದು ಬಹಳ ಕೆಟ್ಟ ಲಕ್ಷಣ. ಒಂದು ಸಂಜೆ ನಮ್ಮಿಬ್ಬರನ್ನೂ ಕರೆದು ಹೇಳಿದರು: "ಚಾಚಾ, ಈ ಸೀಜನ್‌ದಾಗ ಒಂದು ದೊಡ್ಡ ಬಸ್ತಾ ಬರಲಿಲ್ಲಂದ್ರ ಶಟರ್ ಇಳಸೂದೇ ನೋಡ್ರಿ." ಬಸ್ತಾ ಎಂದರೆ ಮದುವೆಯ ಜವಳಿ. ಮದುಮಗಳ ಸೀರೆಯಿಂದ ಹಿಡಿದು ಬೀಗರ ಟವೆಲ್ಲಿನ ತನಕ ಒಂದೇ ಕಡೆ ಕಟ್ಟಿಸುತ್ತಾರೆ. ಚಾಚಾ ಮಂಡಿ ಒತ್ತಿಕೊಂಡ. ನಿಲ್ಲಲಾಗದ ಸೀರೆಯವನಿಗೆ ಇನ್ನೊಂದು ಅಂಗಡಿಯಲ್ಲಿ ಯಾರು ಕುರ್ಚಿ ಹಾಕುತ್ತಾರೆ? ನಾನು ಆವತ್ತು ಒಂದೂ ಜೋಕು ಹೇಳಲಿಲ್ಲ. ಅದು ನನ್ನ ಸೇವೆಯಲ್ಲೇ ದಾಖಲೆ.

ಆಮೇಲೆ ಬಂತು ಅತನೂರಿನ ಬಸ್ತಾ.

ಅತನೂರಿನವರು ಅಫಜಲಪುರಕ್ಕೆ ಹೋಗಬೇಕಾದವರು. ಅಲ್ಲಿನ ಅಂಗಡಿ ಮುಚ್ಚಿತ್ತಲ್ಲ, ಆಳಂದಕ್ಕೆ ಬಂದರು. ಹೊರಗೆ ಒಂದು ಗಾಡಿ ನಿಂತ ಸಪ್ಪಳ, ಆಮೇಲೆ ಚಪ್ಪಲಿ ಬಿಡುವ ಸಪ್ಪಳ, ಆಮೇಲೆ ಅರ್ಧ ಊರು ಒಳಗೆ. ಎಲ್ಲರ ಮುಂದೆ ನಿಂಗಮ್ಮ ಆಯಿ, ಮದುಮಗಳ ಅಜ್ಜಿ. ಆಕೆ ಹೂಂ ಅನ್ನುವ ತನಕ ಮನೆತನದಲ್ಲಿ ಯಾರೂ ಒಂದು ಸೀರೆಗೆ "ಛಲೋ ಅದ" ಅನ್ನುವಂತಿಲ್ಲ. ಮದುಮಗಳು ಸುವರ್ಣಾ ಕೂಡ.

ಆಯಿ ಸುತ್ತ ನೋಡಿ ಮೊದಲು ಕೇಳಿದ್ದು: "ಗಾದಿ ಎಲ್ಲದ? ಬಸ್ತಾ ನಿಂತು ತಗೋತಾರೇನು?" ಸಾವಕಾರರು ಗಿರಾಕಿಗಳು ಕೂರುವ ಗಾದಿ ಎಲ್ಲ ತೆಗೆಸಿ ಕಪಾಟು ಹಾಕಿಸಿದ್ದರು. ನಾವು ಗಾದಿ ವಿಭಾಗದಿಂದ ಮಾರುವ ಗಾದಿಯನ್ನೇ ತಂದು ಹಾಸಿದೆವು. ಮೇಲಿನ ಪ್ಲಾಸ್ಟಿಕ್ ತೆಗೆಯುವಂತಿಲ್ಲ. ಆಯಿ ಕುಳಿತಾಗ ಚರ್ ಎಂದಿತು. ಉಳಿದವರು ಕುಳಿತಾಗ ಒಲೆಯ ಮೇಲೆ ಹಪ್ಪಳ ಕರಿದಂತಾಯಿತು.

ಆ ಮನೆತನದಲ್ಲಿ ಎರಡು ಪದ್ಧತಿ. ದೇವರ ಮುಂದೆ ಇಟ್ಟು ಪೂಜೆ ಮಾಡುವ ತನಕ ಮದುವೆಯ ಸೀರೆ ಮದುಮಗಳ ಮೈಗೆ ಸೋಕಬಾರದು. ಉಟ್ಟದ್ದನ್ನು ಕಣ್ಣಾರೆ ನೋಡದೆ ಸೀರೆ ಕೊಳ್ಳಲೂಬಾರದು. ಈ ಎರಡು ಪದ್ಧತಿಗಳ ನಡುವೆ ಒಬ್ಬ ಮನುಷ್ಯ ಬೇಕಾಗುತ್ತಾನೆ. ಆಯಿ ನನ್ನನ್ನು ಬೆರಳು ಮಾಡಿ ಕರೆದಳು.

"ಏ ತಮ್ಮಾ, ಹಿಂಗ ಬಾ. ಸುವರ್ಣಾ, ಅಂವನ ಬಾಜೂಕ ನಿಂದ್ರು ಬೇ." ಇಬ್ಬರನ್ನೂ ಅಳೆದು ನೋಡಿದಳು. "ಎತ್ತರ ಬರೋಬರಿ ಅದ. ಉಡಸ್ರಿ ಇಂವಗ."

ಸುವರ್ಣಾ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. ನಾನು ನಗಲಿಲ್ಲ. ಚಾಚಾ ಕುರ್ಚಿಯಲ್ಲಿ ಕುಳಿತೇ ನನ್ನ ಕಾಲೇಜು ಯೂನಿಫಾರ್ಮಿನ ಮೇಲೆ ಒಂದರ ಹಿಂದೆ ಒಂದು ಸೀರೆ ಉಡಿಸಿದ. ಆಯಿ ಒಂದಕ್ಕೆ "ಕಣ್ಣಿಗಿ ಚುಚ್ತದ" ಎಂದಳು, ಇನ್ನೊಂದಕ್ಕೆ "ಒಗದ್ರ ಹೋಗ್ತದ" ಎಂದಳು, ಮೂರನೆಯದಕ್ಕೆ ನಿದ್ದೆಯೇ ಹೋದಳು. ಮಧ್ಯಾಹ್ನ ಇಳಿಯಿತು. ಬಂದವರಲ್ಲಿ ಕೆಲವರು ಆಗಲೇ ಫೋನು ತೆಗೆದು ನೋಡತೊಡಗಿದ್ದರು. ಸಾವಕಾರರ ಮುಖ ಶಟರಿನ ಹಾಗೆ ಇಳಿಯುತ್ತಾ ಬಂತು.

ಆಗ ಚಾಚಾ ಎಲ್ಲಕ್ಕಿಂತ ಕೆಳಗಿನ ಪೆಟ್ಟಿಗೆಯಿಂದ ಒಂದು ಹಸಿರು ಸೀರೆ ತೆಗೆಸಿದ. ಕೆಂಪು ಅಂಚು, ಜರಿ ಸೆರಗು. ಉಡಿಸಿ, ಸೆರಗು ತಲೆಯ ಮೇಲೆ ಎಳೆದು, ನನ್ನ ಕಿವಿಯಲ್ಲಿ "ಜಾ ಬೇಟಾ" ಎಂದ. ಆಯಿ ಕಣ್ಣು ತೆರೆದಳು.

"ನಡಿ."

ನಡೆದೆ.

"ಸಣ್ಣ ಹೆಜ್ಜಿ ಇಡಲೇ! ಎತ್ತಿನ ಹಿಂದ ಹೊಂಟಂಗ ಹೊಂಟಿ."

ಸಣ್ಣ ಹೆಜ್ಜೆ ಇಟ್ಟೆ.

"ಕೊಡ ಎತ್ತು."

ಪ್ಲಾಸ್ಟಿಕ್ ವಿಭಾಗದಿಂದ ಕೊಡ ಬಂತು. ಬೆಲೆಯ ಚೀಟಿ ಸಮೇತ ಸೊಂಟಕ್ಕಿಟ್ಟುಕೊಂಡು ಒಂದು ಸುತ್ತು ಬಂದೆ.

"ಇನ್ನ ರೊಟ್ಟಿ ಬಡಿ."

"ಎಲ್ಲಿ ಬಡೀಲ್ರಿ ಆಯಿ?"

"ಗಾಳ್ಯಾಗ ಬಡಿ. ಬಡಿಯಾಗ ಸೆರಗ ಜಾರ್ತದೋ ಇಲ್ಲೋ ನೋಡ್ಬೇಕಲ್ಲ. ನಮ್ಮ ಹುಡುಗಿ ಏನು ಗೊಂಬಿಗತೆ ನಿಂದರಾಕ ಹೊಂಟಾಳೇನು ಅತ್ತಿ ಮನಿಗಿ?"

ಪಾತ್ರೆ ವಿಭಾಗದಲ್ಲಿ ಮಾರಾಟಕ್ಕಿಟ್ಟ ಗ್ಯಾಸ್ ಒಲೆಯ ಮುಂದೆ ಕುಳಿತೆ. ಇಲ್ಲದ ಹಿಟ್ಟು ನಾದಿ, ಇಲ್ಲದ ರೊಟ್ಟಿ ಬಡಿಯತೊಡಗಿದೆ. ಅವ್ವ ದಿನಾ ಬಡಿಯುವುದನ್ನು ನೋಡಿ ಬೆಳೆದವನು, ತಾಳ ತಪ್ಪಲಿಲ್ಲ. ಹೆಂಗಸರೆಲ್ಲ ಗಾದಿ ಬಿಟ್ಟು ಸುತ್ತ ಬಂದು ನಿಂತರು.

"ಹಿಟ್ಟಿಗಿ ನೀರು ಜಾಸ್ತಿ ಆಗ್ಯಾವ ನೋಡು," ಎಂದಳು ಒಬ್ಬಾಕೆ.

"ಅಂಚು ದಪ್ಪ ಆಗಾಕತ್ತದ, ತೆಳ್ಳಗ ಮಾಡು," ಎಂದಳು ಇನ್ನೊಬ್ಬಾಕೆ.

"ಹೊತ್ತಾಕತ್ತದ! ತಿರುವಿ ಹಾಕಲೇ!" ಎಂದು ಹಿಂದಿನಿಂದ ಯಾರೋ ಚೀರಿದರು. ನಾನು ಗಾಬರಿಯಾಗಿ ತಿರುವಿ ಹಾಕಿ ಬೆರಳು ಊದಿಕೊಂಡೆ. ಅಂಗಡಿಯೆಲ್ಲ ನಕ್ಕಿತು. ಸೆರಗು ಕೂದಲಷ್ಟೂ ಜಾರಲಿಲ್ಲ.

ಆಯಿ ಬಗ್ಗಿ ಅಂಚು ಮುಟ್ಟಿ ನೋಡಿದಳು, ಸೆರಗು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಹೇಳಿದಳು: "ಇದ ಇರ್ಲಿ. ಉಳದದ್ದೆಲ್ಲಾ ಇಲ್ಲೇ ಕಟ್ಟಸ್ರಿ."

ಚಾಚಾ ಕಣ್ಣು ಮುಚ್ಚಿಕೊಂಡ. ಸಾವಕಾರರು ಎರಡೂ ಕೈ ಜೋಡಿಸಿ ಮೇಲಿನ ಫ್ಯಾನಿಗೆ ನಮಸ್ಕರಿಸಿದರು. ಸಂತೋಷ ತಡೆಯಲಾಗದೆ ಕೂಗಿದರು: "ಎಲ್ಲಾರಿಗೂ ಚಾ ತರ್ರಿ! ಹೊರಗ ಡ್ರೈವರ್ ಕುಂತಾನ ನೋಡ್ರಿ, ಬಿಸಲಾಗ ಯಾಕ ಕೂಡ್ತಾನ, ಅಂವನ್ನೂ ಒಳಗ ಕರೀರಿ!"

ನಾನು ಹೊಗಳಿಕೆಯಲ್ಲಿ ತೇಲುತ್ತಿದ್ದೆ. ಯಾರೂ ಕೇಳದಿದ್ದರೂ ಎರಡನೇ ರೊಟ್ಟಿ ಬಡಿಯಲು ಶುರು ಮಾಡಿದ್ದೆ.

ಗಾಜಿನ ಬಾಗಿಲು ತೆರೆಯಿತು. ಅಪ್ಪ ಒಳಗೆ ಬಂದ.

ನನ್ನ ಕೈ ಗಾಳಿಯಲ್ಲೇ ನಿಂತಿತು. ಸೆರಗನ್ನು ಗದ್ದದ ತನಕ ಎಳೆದುಕೊಂಡೆ. ಅಪ್ಪನ ಗಮನ ಇನ್ನೂ ಕೈಗೆ ಕೊಟ್ಟ ಚಹಾದ ಕಡೆಗಿತ್ತು. ಹಾಗೇ ಕುಡಿದು ಹೋಗಿಬಿಡುತ್ತಿದ್ದನೇನೋ. ಆಯಿ ಬಿಡಬೇಕಲ್ಲ.

"ಬಾ ಡ್ರೈವರ್, ಹಿಂಗ ಬಾ! ದಾರಿ ಉದ್ದಕ್ಕೂ ನನ್ನ ಮಗಾ ಸೈನ್ಸ್, ನನ್ನ ಮಗಾ ಟ್ಯೂಷನ್ ಅಂತ ತಲಿ ತಿಂದಿಯಲ್ಲಾ? ಇಲ್ಲಿ ನೋಡು, ಇಂವಂದೂ ಅದೇ ವಯಸ್ಸು. ಎಷ್ಟ ಶ್ಯಾಣ್ಯಾ ಅದಾನ! ರೊಟ್ಟಿ ಬಡೀತಾನ!"

ಅಪ್ಪ ಬಂದು ನನ್ನ ಮುಂದೆ ನಿಂತ. ಕೆಂಪು ಅಂಚಿನ ಕೆಳಗೆ ಕಾಣುತ್ತಿದ್ದ ಕಾಲೇಜಿನ ಪ್ಯಾಂಟು ನೋಡಿದ. ಒಲೆಯನ್ನು ನೋಡಿದ. ಇಲ್ಲದ ರೊಟ್ಟಿಯನ್ನೂ ನೋಡಿದ. ಚಹಾ ಕಪ್ಪನ್ನು ನಿಧಾನವಾಗಿ ಗ್ಯಾಸ್ ಒಲೆಯ ಮೇಲಿಟ್ಟ.

"ಯಾಕ, ಗುರ್ತಿನಾಂವೇನು?" ಎಂದು ಆಯಿ ಕೇಳಿದಳು.

"ಹೌದ್ರಿ ಆಯಿ," ಎಂದ ಅಪ್ಪ. "ಸೀರಿ ನೀವು ಒಯ್ರಿ. ಒಳಗಿಂದು ನಂದದ, ನಾ ಒಯ್ತೇನಿ."

ಆಯಿ ಸೆರಗು ಹಿಡಿದಳು, ಪೂಜೆಗೆ ಇಡಬೇಕಾದ ಸೀರೆ ನನ್ನ ಮೈಮೇಲೆ ಅಂಗಡಿ ದಾಟಬಾರದಲ್ಲ. ಅಪ್ಪ ಕಿವಿ ಹಿಡಿದ. ಇಬ್ಬರೂ ಒಟ್ಟಿಗೆ ಎಳೆದರು. ನಾನು ಬುಗುರಿಯಂತೆ ಗಾದಿ ವಿಭಾಗ, ಪ್ಲಾಸ್ಟಿಕ್ ವಿಭಾಗ, ಕಿರಾಣಿ ವಿಭಾಗ ಎಲ್ಲ ತಿರುಗುತ್ತಾ ಹೋದೆ. ಬಾಗಿಲು ಮುಟ್ಟುವ ಹೊತ್ತಿಗೆ ಮೈಮೇಲೆ ಕಾಲೇಜಿನ ಯೂನಿಫಾರ್ಮ್ ಒಂದೇ ಉಳಿದಿತ್ತು.